ಗಂಧರಾಜ: ಗುರುತು ಹಿಡಿಯುವ ಬಗೆ, ಬೆಳೆಸುವ ಕ್ರಮ, ಎಲೆ ಹಳದಿಗೂ ಮೊಗ್ಗು ಉದುರುವುದಕ್ಕೂ ಕಾರಣ

ಗಂಧರಾಜ ಬೆಳೆಸುವವರ ದೂರು ಹೆಚ್ಚುಕಡಿಮೆ ಎರಡೇ. ಎಲೆ ಹಳದಿಯಾಗುತ್ತಿದೆ, ಮೊಗ್ಗು ಅರಳುವ ಮೊದಲೇ ಉದುರುತ್ತಿದೆ. ಎರಡಕ್ಕೂ ಸಾಮಾನ್ಯವಾಗಿ ಸಿಗುವ ಸಲಹೆ ‘ಇನ್ನಷ್ಟು ಗೊಬ್ಬರ ಹಾಕಿ’ ಎನ್ನುವುದು. ಬಹಳ ಸಲ ಅದು ತಪ್ಪು ಸಲಹೆ. ಈ ಗಿಡಕ್ಕೆ ಬೇಕಾದದ್ದು ಹುಳಿ ಮಣ್ಣು, ಮತ್ತು ಬೇರಿಗೆ ತೇವವೂ ಗಾಳಿಯೂ ಒಟ್ಟಿಗೆ ಸಿಗುವ ಜಾಗ. ಅದು ತಪ್ಪಿದರೆ ಮಣ್ಣಿನಲ್ಲಿ ಸಾರ ಎಷ್ಟಿದ್ದರೂ ಬೇರಿಗೆ ಎಟುಕುವುದಿಲ್ಲ. ಅದರ ಮೇಲೆ ಗೊಬ್ಬರ ಸುರಿದರೆ ಬೇರು ಸುಡುತ್ತದೆ, ಗಿಡ ಇನ್ನಷ್ಟು ಸೊರಗುತ್ತದೆ. ಆದ್ದರಿಂದ ಮೊದಲು ಗಿಡ ಏನು ಹೇಳುತ್ತಿದೆ ಎಂದು ನೋಡಬೇಕು, ಆಮೇಲೆ ಕೈಹಾಕಬೇಕು. ಅದಕ್ಕೂ ಮೊದಲು ಕೈಯಲ್ಲಿರುವುದು ಗಂಧರಾಜವೇ ಹೌದೇ ಎಂದು ಖಚಿತ ಮಾಡಿಕೊಳ್ಳಬೇಕು.

ಗುರುತು ಹಿಡಿಯುವುದು

ಗಂಧರಾಜದ ಸಸ್ಯಶಾಸ್ತ್ರೀಯ ಹೆಸರು ಗಾರ್ಡೇನಿಯಾ ಜಾಸ್ಮಿನಾಯ್ಡಿಸ್. 1761ರಲ್ಲಿ ಜಾನ್ ಎಲ್ಲಿಸ್ ಇಟ್ಟ ಹೆಸರಿದು. ಗಾರ್ಡೇನಿಯಾ ಎನ್ನುವುದು ವೈದ್ಯರೂ ಸಸ್ಯಾಸಕ್ತರೂ ಆಗಿದ್ದ ಅಲೆಕ್ಸಾಂಡರ್ ಗಾರ್ಡನ್ ಅವರ ನೆನಪಿಗೆ. ಕಾಫಿ, ಕೇಪಳ ಸೇರಿರುವ ರುಬಿಯೇಸಿ ಕುಟುಂಬದ್ದೇ ಈ ಗಿಡ. ದಕ್ಷಿಣ ಚೀನಾ, ತೈವಾನ್, ಜಪಾನಿನ ದಕ್ಷಿಣ ಭಾಗ, ವಿಯೆಟ್ನಾಂ ಇದರ ಮೂಲ ನೆಲೆಗಳು. ತರಗೆಲೆ ಕೊಳೆತ ಹುಳಿ ಮಣ್ಣು, ಚದುರಿದ ಬಿಸಿಲು, ಒದ್ದೆ ಗಾಳಿ ಇದಕ್ಕೆ ಒಗ್ಗಿದ ವಾತಾವರಣ. ಕುಂಡದಲ್ಲಿ ಎದುರಾಗುವ ಮುಕ್ಕಾಲು ಸಮಸ್ಯೆಗಳ ಮೂಲ ಇಲ್ಲಿಯೇ ಇದೆ.

ಪೂರ್ತಿ ಬೆಳೆದ ಗಿಡ ಸಾಮಾನ್ಯವಾಗಿ 1ರಿಂದ 2.5 ಮೀಟರ್ ಎತ್ತರದ ದಟ್ಟ ಪೊದೆ. ವರ್ಷವಿಡೀ ಹಸಿರು. ಎಲೆಗಳು ಎದುರುಬದುರಾಗಿ ಬರುತ್ತವೆ; ಕೆಲವು ರೆಂಬೆಗಳಲ್ಲಿ ಒಂದೇ ಗಿಣ್ಣಿನಲ್ಲಿ ಮೂರು ಎಲೆ ಸುತ್ತಲೂ ಇರುವುದೂ ಉಂಟು. ಎಲೆಯ ಮೇಲ್ಮೈ ಕಡು ಹಸಿರು, ಎಣ್ಣೆ ಹಚ್ಚಿದಷ್ಟು ಹೊಳಪು. ನರಗಳು ಮೇಲ್ಮೈಯಲ್ಲಿ ತಗ್ಗಾಗಿ, ಕೆಳಮೈಯಲ್ಲಿ ಉಬ್ಬಿ ಕಾಣುತ್ತವೆ. ಅಂಚು ನುಣುಪು, ಹಲ್ಲುಗಳಿಲ್ಲ.

ಹೂವಿಲ್ಲದಾಗಲೂ ನಂಬಬಹುದಾದ ಗುರುತು ಗಿಣ್ಣಿನಲ್ಲಿದೆ. ಎರಡು ಎಲೆತೊಟ್ಟುಗಳ ನಡುವೆ, ಕಾಂಡವನ್ನು ಸುತ್ತಿಕೊಂಡ ತೆಳು ಪೊರೆಯಂಥ ಒಂದು ಕವಚ ಇರುತ್ತದೆ. ಎಳೆ ಚಿಗುರಿನ ತುದಿಯಲ್ಲಿ ಇದು ಹಸಿರು ತೊಪ್ಪಿಗೆಯಾಗಿ ಚಿಗುರನ್ನು ಮುಚ್ಚಿಕೊಂಡಿದ್ದು, ಬಲಿತ ಮೇಲೆ ಕಂದು ಬಣ್ಣದ ಒಣ ಪಟ್ಟಿಯಾಗಿ ಉಳಿಯುತ್ತದೆ. ಕಾಫಿ, ಕೇಪಳಗಳಲ್ಲೂ ತೊಟ್ಟುಗಳ ನಡುವೆ ಇಂಥದ್ದೇ ಪೊರೆ ಕಾಣುತ್ತದೆ.

ಹೂವು ರೆಂಬೆಯ ತುದಿಯಲ್ಲಿ ಸಾಮಾನ್ಯವಾಗಿ ಒಂಟಿಯಾಗಿ ಬಿಡುತ್ತದೆ, ಗೊಂಚಲಾಗಿ ಅಲ್ಲ. ಮೊಗ್ಗನ್ನು ಹತ್ತಿರದಿಂದ ನೋಡಿ: ಎಸಳುಗಳು ಹಿಂಡಿದ ಬಟ್ಟೆಯಂತೆ ಒಂದೇ ದಿಕ್ಕಿಗೆ ತಿರುಚಿಕೊಂಡಿರುತ್ತವೆ. ಮೊಗ್ಗಿನ ಬುಡದಲ್ಲಿ ಉದ್ದುದ್ದ ಏಣುಗಳಿರುವ ಹಸಿರು ಪುಷ್ಪಪಾತ್ರೆ. ಅದರಿಂದ ಆರೇಳು ಕಿರಿದಾದ, ಮೊನೆಯುಳ್ಳ ಹಸಿರು ಎಳೆಗಳು ಮೇಲಕ್ಕೆ ಚಾಚಿರುತ್ತವೆ. ಒಂಟಿ ಸುತ್ತಿನ ಹೂವಿನಲ್ಲಿ ಸಾಮಾನ್ಯವಾಗಿ ಆರು ಎಸಳು; ತೋಟಗಳಲ್ಲಿ ಹೆಚ್ಚು ಕಾಣುವುದು ಹಲವು ಸುತ್ತಿನ ಹೂವು. ಅರಳಿದಾಗ ಅಚ್ಚ ಬಿಳಿ, ಮರುದಿನ ಕೆನೆಬಣ್ಣ, ಆಮೇಲೆ ಹಳದಿ. ಹೀಗಾಗಿ ಒಂದೇ ಗಿಡದಲ್ಲಿ ಮೂರು ಛಾಯೆಯ ಹೂ ಒಟ್ಟಿಗೆ ಕಾಣುತ್ತದೆ. ಇದು ರೋಗವಲ್ಲ. ಪರಿಮಳ ಸಂಜೆಯಿಂದ ರಾತ್ರಿಗೆ ಏರುತ್ತದೆ.

ಒಂಟಿ ಸುತ್ತಿನ ಗಿಡಗಳಲ್ಲಿ ಕಾಯಿ ಕಟ್ಟುತ್ತದೆ. ಹಣ್ಣಾದಾಗ ಕಿತ್ತಳೆ ಬಣ್ಣ, ಉದ್ದಕ್ಕೂ ಐದಾರು ಏಣು, ತಲೆಯ ಮೇಲೆ ಪುಷ್ಪಪಾತ್ರೆಯ ಎಳೆಗಳು ಹಾಗೆಯೇ ಉಳಿದಿರುತ್ತವೆ. ಒಳಗಿನ ತಿರುಳಿನ ಹಳದಿ ಬಣ್ಣಕ್ಕೆ ಕಾರಣ ಕ್ರೋಸಿನ್. ಕೇಸರಿಗೆ ಬಣ್ಣ ಕೊಡುವುದೂ ಅದೇ. ಹಲವು ಸುತ್ತಿನ ಗಿಡ ಕಾಯಿ ಬಿಡುವುದು ತೀರಾ ಕಡಿಮೆ. ಎಸಳುಗಳು ಹೆಚ್ಚಾಗುವುದು ಕೇಸರಗಳ ಲೆಕ್ಕದಲ್ಲಿ. ಕೇಸರ ಎಸಳಾದ ಮೇಲೆ ಪರಾಗ ಎಲ್ಲಿಂದ ಬರಬೇಕು?

ಯಾವುದರ ಜೊತೆ ಗೊಂದಲವಾಗುತ್ತದೆ

ಹೆಚ್ಚು ಗೊಂದಲ ಸುತ್ತು ನಂದಬಟ್ಟಲಿನ ಜೊತೆ. ಅದೂ ಬಿಳಿ, ಅದೂ ನಿತ್ಯಹಸಿರು, ರಾತ್ರಿ ಅದಕ್ಕೂ ಪರಿಮಳ. ಒಂದು ಎಲೆ ಕಿತ್ತು ತೊಟ್ಟಿನ ತುದಿ ನೋಡಿದರೆ ಸಾಕು: ನಂದಬಟ್ಟಲಾದರೆ ಕೂಡಲೇ ಬಿಳಿ ಹಾಲು ಜಿನುಗುತ್ತದೆ. ಗಂಧರಾಜದಲ್ಲಿ ಹಾಲಿಲ್ಲ. ಆ ಹಾಲು ಕಣ್ಣಿಗೆ ತಾಗದಂತೆ ಕೈ ತೊಳೆದುಕೊಳ್ಳಿ. ನಂದಬಟ್ಟಲಿನಲ್ಲಿ ಜೋಡಿ ಎಲೆಗಳಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದಾಗಿರುವುದು ಸಾಮಾನ್ಯ, ಮೊಗ್ಗುಗಳು ಗೊಂಚಲಾಗಿರುತ್ತವೆ, ಪುಷ್ಪಪಾತ್ರೆ ಕಣ್ಣಿಗೆ ಬೀಳದಷ್ಟು ಪುಟ್ಟದು.

ಮಧುಕಾಮಿನಿಯನ್ನು ಬೇರ್ಪಡಿಸುವುದು ಸುಲಭ: ಒಂದೇ ಕಡ್ಡಿಯಲ್ಲಿ ಹಲವು ಕಿರು ಎಲೆಗಳಿರುವ ಸಂಯುಕ್ತ ಎಲೆ, ಹಿಸುಕಿದರೆ ನಿಂಬೆ ಜಾತಿಯ ವಾಸನೆ, ಹಣ್ಣು ಕೆಂಪು. ದುಂಡುಮಲ್ಲಿಗೆಯ ಎಲೆ ತೆಳು, ಗಿಣ್ಣಿನಲ್ಲಿ ಕವಚವಿಲ್ಲ, ಎಳೆ ಕಾಂಡದ ಮೇಲೆ ಸಣ್ಣ ರೋಮ. ಕ್ಯಾಮೆಲಿಯಾದ ಎಲೆ ಒಂದಾದ ಮೇಲೊಂದರಂತೆ ಪರ್ಯಾಯವಾಗಿ ಬರುತ್ತದೆ, ಅಂಚಿನಲ್ಲಿ ಗರಗಸದ ಹಲ್ಲುಗಳಿರುತ್ತವೆ.

ಸಸಿ ಆರಿಸುವಾಗ

ಮೈತುಂಬ ಮೊಗ್ಗಿರುವ ಸಸಿ ಕಣ್ಣು ಸೆಳೆಯುತ್ತದೆ. ಆದರೆ ಮೊಗ್ಗು ಕಡಿಮೆ ಇದ್ದು ಕವಲು ಚೆನ್ನಾಗಿ ಒಡೆದ ಸಸಿಯೇ ಒಳ್ಳೆಯ ಆಯ್ಕೆ. ನರ್ಸರಿಯ ನೆರಳುಮನೆಯ ತೇವದಲ್ಲಿ ಕಟ್ಟಿದ ಮೊಗ್ಗುಗಳಲ್ಲಿ ಹೆಚ್ಚಿನವು ಹೊಸ ಜಾಗದ ಬೆಳಕು, ಗಾಳಿಗೆ ಬಂದೊಡನೆ ಉದುರುತ್ತವೆ. ಅದರಲ್ಲಿ ಕೊಂಡವರ ತಪ್ಪೇನೂ ಇಲ್ಲ.

ಕೆಳಗಿನ ಎಲೆಗಳನ್ನು ಮಗುಚಿ ಹಿಂಬದಿ ನೋಡಿ: ಬಿಳಿ ನೊಣ, ಶಲ್ಕ ಕೀಟ, ಹಿಟ್ಟು ತಿಗಣೆ ಅಡಗುವುದು ಅಲ್ಲೇ. ಮಣ್ಣಿಗೆ ತಾಗುವ ಬುಡದಲ್ಲಿ ಊತ, ಬಿರುಕು, ಒರಟು ಗಂಟು ಕಂಡರೆ ಬಿಟ್ಟುಬಿಡಿ. ಅದು ಕಾಂಡದ ಹುಣ್ಣಿನ ಲಕ್ಷಣವಾಗಿರಬಹುದು, ಅದಕ್ಕೆ ಔಷಧವಿಲ್ಲ. ಸಾಧ್ಯವಾದರೆ ಸಸಿಯನ್ನು ಚೀಲದಿಂದ ಮೆಲ್ಲಗೆ ಸರಿಸಿ ಬೇರು ನೋಡಿ. ಬಿಳಿ ಅಥವಾ ತಿಳಿಕಂದು ಬಣ್ಣದ ಗಟ್ಟಿ ಬೇರು ಒಳ್ಳೆಯದು, ಕಪ್ಪಾಗಿ ಕೈಗೆ ಸುಲಿದು ಬರುವ ಬೇರು ಕೊಳೆತದ್ದು. ಬೇರಿನಲ್ಲಿ ಮಣಿಮಣಿಯಾಗಿ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು. ಅಂಥ ಸಸಿ ತಂದರೆ ಮಣ್ಣಿಗೂ ಹುಳು ಬರುತ್ತದೆ. ಈ ಹುಳುವಿನ ಕಾಟ ಇರುವ ಮರಳು ಮಣ್ಣಿನಲ್ಲಿ ಗಾರ್ಡೇನಿಯಾ ಥನ್‌ಬರ್ಜಿಯಾ ಎಂಬ ಪ್ರಭೇದದ ಬೇರುಗಿಡದ ಮೇಲೆ ಕಸಿ ಮಾಡಿದ ಸಸಿಯೇ ಬಾಳುತ್ತದೆ.

ತಳಿಗಳಲ್ಲಿ ಕುಂಡಕ್ಕೂ ಅಂಚಿಗೂ ರ‍್ಯಾಡಿಕನ್ಸ್ ಎಂಬ ಕುಳ್ಳ, ಹರಡುವ ತಳಿ ಒಪ್ಪುತ್ತದೆ. ಎಲೆ, ಹೂ ಎರಡೂ ಚಿಕ್ಕವು. ದೊಡ್ಡ ಹೂವಿಗೆ ಮಿಸ್ಟರಿ, ಆಗಸ್ಟ್ ಬ್ಯೂಟಿ. ಚಳಿ ಹೆಚ್ಚಿರುವ ಕಡೆ ಕ್ಲೈಮ್ಸ್ ಹಾರ್ಡಿ ಎಂಬ ಒಂಟಿ ಸುತ್ತಿನ ತಳಿ ಉಳಿದವುಗಳಿಗಿಂತ ಗಟ್ಟಿ.

ಜಾಗ ಮತ್ತು ಮಣ್ಣು

ಬೆಳಗಿನ ನಾಲ್ಕರಿಂದ ಆರು ಗಂಟೆ ಬಿಸಿಲು, ಮಧ್ಯಾಹ್ನದ ಮೇಲೆ ನೆರಳು. ಪೂರ್ತಿ ನೆರಳಲ್ಲಿ ಗಿಡ ಹಸಿರಾಗಿರುತ್ತದೆ, ಹೂ ಬಿಡುವುದಿಲ್ಲ. ಬಿರುಬಿಸಿಲಿನ ಗೋಡೆಯ ಪಕ್ಕ ಇಟ್ಟರೆ ಎಲೆ ಸುಡುತ್ತದೆ, ಮೊಗ್ಗು ಒಣಗುತ್ತದೆ. ಸಿಮೆಂಟು ಗೋಡೆ, ಕಾಂಕ್ರೀಟು ಅಂಚಿನ ಪಕ್ಕ ನೆಲದಲ್ಲಿ ನೆಡುವುದಕ್ಕೆ ಇನ್ನೊಂದು ಆಕ್ಷೇಪವಿದೆ. ಅದರಿಂದ ಸುಣ್ಣ ಮಣ್ಣಿಗೆ ಇಳಿಯುತ್ತಲೇ ಇರುತ್ತದೆ. ಕನಿಷ್ಠ ಒಂದು ಮೀಟರ್ ದೂರ ಬಿಡಿ.

ಮಣ್ಣಿನ ರಸಸಾರ, ಅಂದರೆ ಪಿಎಚ್ (ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು), 5.0ರಿಂದ 6.5ರ ಒಳಗಿರಬೇಕು. ಕಾರಣ ಕಬ್ಬಿಣ. ಹುಳಿ ಮಣ್ಣಿನಲ್ಲಿ ಕಬ್ಬಿಣ ನೀರಿನಲ್ಲಿ ಕರಗಿ ಬೇರಿಗೆ ಸಿಗುತ್ತದೆ. ಪಿಎಚ್ 7 ದಾಟಿದರೆ ಕಬ್ಬಿಣ ಅಲ್ಲೇ ಇದ್ದೂ ಕರಗದ ರೂಪಕ್ಕೆ ತಿರುಗುತ್ತದೆ. ಪಿಎಚ್ ಪಟ್ಟಿ ಸಿಗದಿದ್ದರೆ ಒಂದು ಒರಟು ಪರೀಕ್ಷೆ ಇದೆ: ಒಣ ಮಣ್ಣಿನ ಒಂದು ಚಮಚದ ಮೇಲೆ ವಿನೆಗರ್ ಹಾಕಿ. ಬುಸುಬುಸು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣವಿದೆ ಎಂದೇ ಅರ್ಥ. ಅಂಥ ನೆಲವನ್ನು ಹುಳಿ ಮಾಡಲು ಹೆಣಗುವುದಕ್ಕಿಂತ ಗಿಡವನ್ನು ಕುಂಡದಲ್ಲೇ ಬೆಳೆಸುವುದು ಸರಿ, ಏಕೆಂದರೆ ನೀವು ಹಾಕಿದ ಹುಳಿಯನ್ನೆಲ್ಲ ಆ ಸುಣ್ಣ ನುಂಗಿಬಿಡುತ್ತದೆ.

ಸುಣ್ಣವಿಲ್ಲದ, ಆದರೆ ಪಿಎಚ್ ತುಸು ಹೆಚ್ಚಿರುವ ನೆಲವನ್ನು ಗಂಧಕದ ಪುಡಿಯಿಂದ ಸರಿಪಡಿಸಬಹುದು. ಪಿಎಚ್ 7.5ರಿಂದ 6.5ಕ್ಕೆ ಇಳಿಸಲು ಚದರ ಮೀಟರಿಗೆ ಮರಳು ಮಣ್ಣಿಗೆ 50–70 ಗ್ರಾಂ, ಜೇಡಿ ಮಣ್ಣಿಗೆ 100–120 ಗ್ರಾಂ ಬೇಕಾಗುತ್ತದೆ. ಇದನ್ನು ನೆಡುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಮಣ್ಣಿಗೆ ಬೆರೆಸಬೇಕು. ಗಂಧಕ ತಾನಾಗಿ ಹುಳಿಯಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಆಮ್ಲವಾಗಿ ಬದಲಿಸಬೇಕು, ಅದಕ್ಕೆ ತೇವ, ಬೆಚ್ಚಗೆ, ಸಮಯ ಮೂರೂ ಬೇಕು.

ಕುಂಡಕ್ಕೆ ಅಳತೆ ಹೀಗಿರಲಿ: ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಚೆನ್ನಾಗಿ ಕೊಳೆತ ಎಲೆಗೊಬ್ಬರ, ಒಂದು ಪಾಲು ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್. ಕೊಕೊಪೀಟನ್ನು ತೊಳೆಯದೆ ಹಾಕಬೇಡಿ, ಅದರಲ್ಲಿ ಉಪ್ಪು ಉಳಿದಿರಬಹುದು. ಒದ್ದೆ ಮಾಡಿ ಹಿಂಡಿ ಬಿಟ್ಟರೆ ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಒಡೆಯುವ ಹದ ಬರಬೇಕು. ಬೂದಿ, ಸುಣ್ಣ, ಮೊಟ್ಟೆ ಚಿಪ್ಪು, ಮೂಳೆ ಪುಡಿ ಈ ಗಿಡಕ್ಕೆ ಬೇಡ. ಮೊದಲ ಮೂರು ಪಿಎಚ್ ಏರಿಸುತ್ತವೆ; ಮೂಳೆ ಪುಡಿಯಲ್ಲಿ ಸುಣ್ಣದ ಅಂಶದ ಜೊತೆ ರಂಜಕವೂ ಹೆಚ್ಚು, ಅತಿಯಾದ ರಂಜಕ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ.

ನೆಡುವುದು

ನೆಲದಲ್ಲಾದರೆ 45 ಸೆಂ.ಮೀ. ಆಳ, 60 ಸೆಂ.ಮೀ. ಅಗಲದ ಗುಂಡಿ. ಗಿಡಗಳ ನಡುವೆ ಒಂದರಿಂದ ಒಂದೂವರೆ ಮೀಟರ್. ಬೇಲಿಗಾದರೆ 80–90 ಸೆಂ.ಮೀ. ಕುಂಡವಾದರೆ ಚಿಕ್ಕ ಸಸಿಗೆ 8 ಇಂಚು ಸಾಕು. ಆರಂಭದಲ್ಲೇ 14 ಇಂಚಿನ ಕುಂಡಕ್ಕೆ ಹಾಕಿದರೆ ಬೇರು ಹರಡದ ಮಣ್ಣು ಬಹಳ ದಿನ ಒದ್ದೆಯಾಗಿಯೇ ಉಳಿದು ಬೇರು ಕೊಳೆಯುತ್ತದೆ. ಬೇರು ತುಂಬಿದಂತೆ ಎರಡು ವರ್ಷಕ್ಕೊಮ್ಮೆ ಎರಡು ಇಂಚು ದೊಡ್ಡ ಕುಂಡಕ್ಕೆ ಬದಲಿಸಿ.

ಬೇರಿನ ಉಂಡೆಯ ಮೇಲ್ಮೈ ಸುತ್ತಲ ಮಣ್ಣಿಗಿಂತ ಎರಡು ಮೂರು ಸೆಂ.ಮೀ. ಎತ್ತರದಲ್ಲಿ ಕೂರಬೇಕು. ಮಣ್ಣು ಕುಸಿದ ಮೇಲೆ ಅದು ಮಟ್ಟಕ್ಕೆ ಬರುತ್ತದೆ. ಕಾಂಡದ ಬುಡ ಹೂತುಹೋದರೆ ತೊಗಟೆ ಕೊಳೆಯುತ್ತದೆ. ಚೀಲದಲ್ಲಿ ಬೇರು ಸುತ್ತಿಕೊಂಡಿದ್ದರೆ ಹೊರಗಿನ ಬೇರುಗಳನ್ನು ಬೆರಳಿನಿಂದ ಬಿಡಿಸಿ. ಹಾಗೇ ನೆಟ್ಟರೆ ಅವು ಅದೇ ಸುತ್ತಿನಲ್ಲಿ ಬೆಳೆಯುತ್ತಿರುತ್ತವೆ.

ನೆಟ್ಟ ಮೇಲೆ ಬುಡದ ಸುತ್ತ 5–7 ಸೆಂ.ಮೀ. ದಪ್ಪ ಒಣಎಲೆ ಅಥವಾ ಮರದ ಚಕ್ಕೆಯ ಹೊದಿಕೆ ಹಾಸಿ, ಕಾಂಡದಿಂದ ಒಂದು ಅಂಗೈ ಅಗಲ ಬಿಟ್ಟು. ಗಂಧರಾಜದ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಬುಡವನ್ನು ಕೆದಕಿ ಮಣ್ಣು ಸಡಿಲ ಮಾಡುವ ಅಭ್ಯಾಸ ಈ ಗಿಡಕ್ಕೆ ಹಾನಿ. ಕಳೆಯನ್ನು ಕೈಯಲ್ಲಿ ಕಿತ್ತರೆ ಸಾಕು.

ನೀರು

ದಿನ ಲೆಕ್ಕ ಹಾಕಿ ನೀರು ಹಾಕುವುದು ಬೇಡ. ಬೆರಳನ್ನು ಎರಡು ಸೆಂ.ಮೀ. ಆಳಕ್ಕೆ ಇಳಿಸಿ, ಅಷ್ಟು ಒಣಗಿದ್ದರೆ ಹಾಕಿ, ತಳದಿಂದ ಹರಿಯುವ ತನಕ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಸಂಜೆ ಎಲೆ, ಮೊಗ್ಗಿನ ಮೇಲೆ ನೀರು ಸುರಿಯಬೇಡಿ, ಬುಡಕ್ಕೇ ಹಾಕಿ.

ಎಲೆ ಬಾಡಿದ ಕೂಡಲೇ ನೀರು ಸುರಿಯುವುದು ಬಹಳ ಗಿಡಗಳನ್ನು ಕೊಂದಿದೆ. ಬಾಡಿದ್ದು ಕಂಡರೆ ಮೊದಲು ಮಣ್ಣು ಮುಟ್ಟಿ. ಮಣ್ಣು ಒಣಗಿದ್ದರೆ ಬಾಯಾರಿಕೆ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆಯುತ್ತಿದೆ: ಉಸಿರಾಡಲು ಗಾಳಿ ಸಿಗದ ಬೇರು ನೀರಿನ ನಡುವೆ ಇದ್ದೂ ನೀರು ಎಳೆಯಲಾರದು. ಆಗ ಗಿಡವನ್ನು ಕುಂಡದಿಂದ ತೆಗೆದು, ಕಪ್ಪಾದ ಬೇರು ಕತ್ತರಿಸಿ, ಹೊಸ ಸಡಿಲ ಮಣ್ಣಿಗೆ ಹಾಕಿ, ಮೇಲಿನ ಮೂರನೇ ಒಂದು ಭಾಗ ಸವರಿ, ನೆರಳಿನಲ್ಲಿಡಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ.

ನೀರಿನ ಗುಣವೂ ಮುಖ್ಯ. ಪಾತ್ರೆಯಲ್ಲಿ ಬಿಳಿ ಕರೆ ಕಟ್ಟುವ ಗಡಸು ನೀರು ದಿನವೂ ಹಾಕಿದರೆ, ಎಷ್ಟೇ ಒಳ್ಳೆಯ ಮಿಶ್ರಣ ಮಾಡಿದ್ದರೂ ಒಂದೆರಡು ವರ್ಷದಲ್ಲಿ ಕುಂಡದ ಪಿಎಚ್ ಏರುತ್ತದೆ. ಮಳೆನೀರು ಸಿಕ್ಕರೆ ಅದನ್ನೇ ಹಿಡಿದಿಡಿ. ಇಲ್ಲದಿದ್ದರೆ 10 ಲೀಟರ್ ಗಡಸು ನೀರಿಗೆ ಸುಮಾರು 2 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಪಿಎಚ್ ಪಟ್ಟಿ ಅದ್ದಿ ನೋಡಿ. 6ರ ಆಸುಪಾಸಿಗೆ ಬರಬೇಕು. ನೀರಿನ ಗಡಸುತನ ಒಂದೊಂದು ಕಡೆ ಒಂದೊಂದು ಬಗೆ, ಹಾಗಾಗಿ ಪಟ್ಟಿ ನೋಡದೆ ಅಳತೆ ಹೆಚ್ಚಿಸಬೇಡಿ.

ಗೊಬ್ಬರ

ಚಿಗುರುವ ಕಾಲದಲ್ಲಿ ಮಾತ್ರ. 12 ಇಂಚಿನ ಕುಂಡಕ್ಕೆ ತಿಂಗಳಿಗೊಮ್ಮೆ 5 ಗ್ರಾಂ ಅಮೋನಿಯಂ ಸಲ್ಫೇಟನ್ನು ಎರಡು ಲೀಟರ್ ನೀರಲ್ಲಿ ಕರಗಿಸಿ, ಮೊದಲೇ ಒದ್ದೆ ಮಾಡಿದ ಮಣ್ಣಿಗೆ ಹಾಕಿ. ಇದು ಸಾರಜನಕ ಕೊಡುವುದರ ಜೊತೆಗೆ ಮಣ್ಣನ್ನು ಹುಳಿಯ ಕಡೆಗೂ ಎಳೆಯುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಇದಕ್ಕೆ ವಿರುದ್ಧ ದಿಕ್ಕಿನದು, ಬೇಡ. ವರ್ಷಕ್ಕೆರಡು ಸಲ ಎರಡು ಹಿಡಿ ಎರೆಹುಳು ಗೊಬ್ಬರ ಅಥವಾ ಎಲೆಗೊಬ್ಬರವನ್ನು ಹೊದಿಕೆಯ ಕೆಳಗೆ ಹರಡಿ. ಮೊಗ್ಗು ದಪ್ಪವಾಗುತ್ತಿರುವಾಗ ಸಾರಜನಕ ಸುರಿದರೆ ಗಿಡ ಚಿಗುರಿಗೆ ಹೊರಳಿ ಮೊಗ್ಗು ಬಿಟ್ಟುಕೊಡುತ್ತದೆ.

ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಎಂಬ ನಂಬಿಕೆ ಹಬ್ಬಿದೆ. ಹುಳಿ ಅಂಶದ ಬಹುಭಾಗ ಡಿಕಾಕ್ಷನ್ ಜೊತೆಗೇ ಇಳಿದುಹೋಗಿರುತ್ತದೆ. ಉಳಿದ ಚರಟ ಪಿಎಚ್ ಇಳಿಸುವುದು ಅತ್ಯಲ್ಪ. ಮೇಲೆ ದಪ್ಪವಾಗಿ ಹಾಸಿದರೆ ಹೆಪ್ಪುಗಟ್ಟಿ ನೀರು, ಗಾಳಿ ತಡೆಯುತ್ತದೆ. ಕಾಂಪೋಸ್ಟಿಗೆ ಹಾಕಿ, ಅಲ್ಲಿ ಅದು ಒಳ್ಳೆಯದು.

ಎಲೆ ಹಳದಿ: ಯಾವ ಎಲೆ, ಯಾವ ಬಗೆಯ ಹಳದಿ

ಎಲ್ಲ ಹಳದಿಯೂ ಒಂದೇ ಅಲ್ಲ. ಗಿಡದ ತುದಿಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯಂತೆ ಉಳಿದಿದ್ದರೆ ಕಬ್ಬಿಣದ ಕೊರತೆ. ಕಬ್ಬಿಣ ಹಳೆ ಎಲೆಯಿಂದ ಹೊಸ ಎಲೆಗೆ ಸಾಗಲಾರದು, ಆದ್ದರಿಂದ ಹೊಸದರಲ್ಲೇ ಮೊದಲು ಕಾಣುತ್ತದೆ. ಕೆಳಗಿನ ಹಳೆ ಎಲೆಯಲ್ಲಿ ನರಗಳ ನಡುವೆ ಹಳದಿ ಬಂದರೆ ಮೆಗ್ನೀಷಿಯಂ ಕೊರತೆ. ಹಳೆ ಎಲೆಗಳು ನರ ಸಮೇತ ಒಂದೇ ಸಮ ಪೇಲವವಾಗಿ, ಬೆಳವಣಿಗೆಯೂ ನಿಂತಿದ್ದರೆ ಸಾರಜನಕ ಸಾಲದು. ಹೊಸ ಚಿಗುರು ಹೊರಡುವ ಮುನ್ನ ಒಳಗಿನ ನಾಲ್ಕಾರು ಹಳೆ ಎಲೆ ಹಳದಿಯಾಗಿ ಬಿದ್ದರೆ ಏನೂ ಮಾಡಬೇಕಿಲ್ಲ. ನಿತ್ಯಹಸಿರು ಗಿಡವೂ ಹಳೆ ಎಲೆ ಕಳಚುತ್ತದೆ.

ಕಬ್ಬಿಣದ ಕೊರತೆಗೆ ತಕ್ಷಣದ ಉಪಾಯ ಎಲೆಯ ಮೇಲಿನ ಸಿಂಪಡಣೆ: ಲೀಟರಿಗೆ 2–3 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ. ಆಗಲೇ ಕಲಸಿ ಆಗಲೇ ಬಳಸಬೇಕು; ಇಟ್ಟರೆ ಕಂದು ಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬಾರದು. ಮೊದಲು ಒಂದು ರೆಂಬೆಗೆ ಹೊಡೆದು, ಕಲೆ ಬೀಳದಿದ್ದರೆ ಮೂರು ದಿನದ ಮೇಲೆ ಪೂರ್ತಿ ಗಿಡಕ್ಕೆ. ನೆಲಹಾಸಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜಾಗ ನೋಡಿ ಹೊಡೆಯಿರಿ. ಮಣ್ಣಿಗೆ ಹಾಕುವುದಾದರೆ ಕೀಲೇಟ್ ರೂಪದ ಕಬ್ಬಿಣ, ಅಂದರೆ ಕರಗದ ರೂಪಕ್ಕೆ ತಿರುಗದಂತೆ ಇನ್ನೊಂದು ಪದಾರ್ಥ ಹಿಡಿದಿಟ್ಟ ಕಬ್ಬಿಣ ಬೇಕು. ಅದರಲ್ಲೂ ಬಗೆಗಳಿವೆ: ಇಡಿಟಿಎ ಎಂದು ಬರೆದಿದ್ದರೆ ಪಿಎಚ್ 6.5ರ ಆಚೆ ಅದು ನಿಲ್ಲುವುದಿಲ್ಲ. ಡಿಟಿಪಿಎ 7ರ ತುಸು ಮೇಲಿನವರೆಗೆ. ಇಡಿಡಿಎಚ್‌ಎ ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುತ್ತದೆ. ಪೊಟ್ಟಣದ ಮೇಲೆ ಈ ಹೆಸರು ಓದದೆ ಕೊಂಡರೆ ಹಣ ಮಣ್ಣುಪಾಲು. ಇದೆಲ್ಲ ತಾತ್ಕಾಲಿಕ, ನೀರು, ಮಣ್ಣಿನ ಪಿಎಚ್ ಇಳಿಯದೆ ಹಳದಿ ಮತ್ತೆ ಬರುತ್ತದೆ. ಚಳಿಗಾಲದಲ್ಲಿ ಮಣ್ಣು ತಣ್ಣಗಾದಾಗ ಬೇರು ಮಂದವಾಗಿ ಇದೇ ಬಗೆಯ ಹಳದಿ ಕಾಣಬಹುದು. ಬೆಚ್ಚಗಾದೊಡನೆ ತಾನೇ ಸರಿಹೋಗುತ್ತದೆ.

ಮೆಗ್ನೀಷಿಯಂಗೆ ಲೀಟರಿಗೆ 5 ಗ್ರಾಂ ಎಪ್ಸಮ್ ಉಪ್ಪು, ಹದಿನೈದು ದಿನದ ಅಂತರದಲ್ಲಿ ಎರಡು ಸಿಂಪಡಣೆ. ಕೊರತೆಯಿಲ್ಲದೆ ಹಾಕಬೇಡಿ.

ಮೊಗ್ಗು ಏಕೆ ಉದುರುತ್ತದೆ

ರಾತ್ರಿಯ ಉಷ್ಣತೆ 15–18 ಡಿಗ್ರಿ ಸೆಲ್ಸಿಯಸ್ ಇರುವಾಗ ಗಂಧರಾಜ ಚೆನ್ನಾಗಿ ಮೊಗ್ಗು ಕಟ್ಟುತ್ತದೆ. ರಾತ್ರಿಯೂ 21 ಡಿಗ್ರಿ ಮೇಲಿದ್ದರೆ ಹೊಸ ಮೊಗ್ಗು ಕಡಿಮೆಯಾಗುತ್ತದೆ, ಕಟ್ಟಿದ್ದೂ ಉದುರುವ ಸಂಭವ ಹೆಚ್ಚು. ಸೆಕೆಗಾಲದಲ್ಲಿ ಹೂ ಕಡಿಮೆಯಾಯಿತೆಂದು ಗಿಡವನ್ನು ದೂರುವ ಹಾಗಿಲ್ಲ. ನೆರಳಿನ ತಂಪು ಮೂಲೆಗೆ ಸರಿಸುವುದಾದರೆ ಮೊಗ್ಗು ಮೂಡುವ ಮೊದಲೇ ಸರಿಸಿ. ಮೊಗ್ಗು ಬಂದ ಮೇಲೆ ಕುಂಡ ಕದಲಿಸಬೇಡಿ, ಬೇರೆ ಕುಂಡಕ್ಕೂ ಬದಲಿಸಬೇಡಿ.

ಮಿಕ್ಕ ಕಾರಣಗಳಲ್ಲಿ ದೊಡ್ಡದು ತೇವದ ಏರಿಳಿತ: ಒಂದು ದಿನ ಬಿರುಕು ಬಿಡುವಷ್ಟು ಒಣಗಿಸಿ ಮರುದಿನ ಮುಳುಗಿಸುವುದು. ಮೊಗ್ಗಿನ ತೊಟ್ಟು ಹಳದಿಯಾಗಿ, ಮುಟ್ಟಿದರೆ ಸಾಕು ಕಳಚಿ ಬೀಳುತ್ತದೆ. ಎರಡನೆಯದು ಒಣ ಗಾಳಿ. ಮನೆಯೊಳಗೆ ಎಸಿ ಅಥವಾ ಫ್ಯಾನಿನ ನೇರಕ್ಕೆ ಇಟ್ಟ ಗಿಡದಲ್ಲಿ ಇದು ಖಚಿತ. ಕುಂಡವನ್ನು ಜಲ್ಲಿ, ನೀರು ತುಂಬಿದ ಅಗಲ ತಟ್ಟೆಯ ಮೇಲೆ, ತಳ ನೀರಿಗೆ ತಾಗದಂತೆ ಇಟ್ಟರೆ ತುಸು ಅನುಕೂಲ.

ಮೊಗ್ಗು ಉದುರದೆ, ಅರಳದೆ, ಎಸಳಿನ ಅಂಚು ಕಂದಾಗಿ ನಿಂತರೆ ಥ್ರಿಪ್ಸ್ ಎಂಬ ಪುಟ್ಟ ಕೀಟ ಇರಬಹುದು. ಮೊಗ್ಗನ್ನು ಬಿಳಿ ಹಾಳೆಯ ಮೇಲೆ ಬಡಿಯಿರಿ. ಒಂದು ಮಿಲಿಮೀಟರ್ ಉದ್ದದ ಕಂದು ಗೆರೆಗಳು ಹರಿದಾಡಿದರೆ ಅನುಮಾನ ನಿಜ. ಹಾಳಾದ ಮೊಗ್ಗುಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ, ಬುಡದಲ್ಲಿ ಬಿಡಬೇಡಿ.

ಸವರುವುದು

ಹೂವಿನ ಸುಗ್ಗಿ ಮುಗಿದ ಮೂರು ನಾಲ್ಕು ವಾರದೊಳಗೆ ಸವರಿ ಮುಗಿಸಿ. ಮುಂದಿನ ಮೊಗ್ಗು ಹೊಸ ಚಿಗುರಿನ ತುದಿಯಲ್ಲಿ ಬರುವುದರಿಂದ, ತಡಮಾಡಿ ಸವರಿದರೆ ಬರಲಿರುವ ಹೂವನ್ನೇ ಕತ್ತರಿಸಿದಂತಾಗುತ್ತದೆ. ಎಲೆ ಜೋಡಿಯ ತುಸು ಮೇಲೆ ಕತ್ತರಿಸಿ, ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಬಾಡಿದ ಹೂವನ್ನು ಅದರ ಕೆಳಗಿನ ಪುಷ್ಪಪಾತ್ರೆ ಸಮೇತ ತೆಗೆಯಿರಿ.

ಕಡ್ಡಿಯಿಂದ ಹೊಸ ಗಿಡ

ಪೂರ್ತಿ ಎಳೆಯೂ ಅಲ್ಲದ, ಬಲಿತು ಕಂದಾಗಿಯೂ ಇಲ್ಲದ ಕಡ್ಡಿ ಬೇಕು: ಬಗ್ಗಿಸಿದರೆ ಬಾಗಿ, ಇನ್ನೂ ಬಗ್ಗಿಸಿದರೆ ಟಪ್ಪೆಂದು ಮುರಿಯುವಂಥದ್ದು. ತೇವವಿರುವ ಮಳೆಗಾಲ ಒಳ್ಳೆಯ ಸಮಯ.

1. ಹೂವಿಲ್ಲದ ರೆಂಬೆಯಿಂದ 10–12 ಸೆಂ.ಮೀ. ಉದ್ದ, ಗಿಣ್ಣಿನ ಕೆಳಗೆ ಶುಚಿಯಾದ ಚಾಕುವಿನಿಂದ ಕತ್ತರಿಸಿ.
2. ಕೆಳಗಿನ ಎರಡು ಜೋಡಿ ಎಲೆ ತೆಗೆಯಿರಿ. ಮೇಲುಳಿದ ಎಲೆಗಳನ್ನು ಅಡ್ಡಕ್ಕೆ ಅರ್ಧ ಕತ್ತರಿಸಿ. ಬೇರಿಲ್ಲದ ಕಡ್ಡಿಯಿಂದ ನೀರು ಆವಿಯಾಗುವುದು ಇದರಿಂದ ತಗ್ಗುತ್ತದೆ.
3. ಬುಡವನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ ಕೊಡವಿ. ಅದರಲ್ಲಿ ಐಬಿಎ ಎಂಬ ಬೇರು ಬರಿಸುವ ಹಾರ್ಮೋನು 1000ದಿಂದ 3000 ಪಿಪಿಎಂ ಇದ್ದರೆ ಸರಿ.
4. ಸಮಪಾಲು ಕೊಕೊಪೀಟ್, ಪರ್ಲೈಟ್ ತುಂಬಿದ ಪುಟ್ಟ ಕುಂಡದಲ್ಲಿ ಬೇರೊಂದು ಒಣ ಕಡ್ಡಿಯಿಂದ ತೂತು ಮಾಡಿ, ಕತ್ತರಿಸಿದ ಕಡ್ಡಿಯನ್ನು 4 ಸೆಂ.ಮೀ. ಆಳಕ್ಕೆ ಊರಿ, ಸುತ್ತ ಒತ್ತಿ.
5. ಪಾರದರ್ಶಕ ಚೀಲ ಮುಚ್ಚಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿಡಿ. ಎರಡು ದಿನಕ್ಕೊಮ್ಮೆ ಚೀಲ ತೆರೆದು ಗಾಳಿ ಆಡಿಸಿ.

ನಾಲ್ಕರಿಂದ ಎಂಟು ವಾರದಲ್ಲಿ ಬೇರು ಬರುತ್ತದೆ. ಎಳೆದು ನೋಡಬೇಡಿ, ಹೊಸ ಚಿಗುರು ಕಂಡ ಮೇಲೆ ಮೆಲ್ಲಗೆ ಅಲುಗಿಸಿ, ಬಿಗಿ ಇದ್ದರೆ ಬೇರು ಬಂದಿದೆ. ಚೀಲವನ್ನು ಒಮ್ಮೆಲೆ ತೆಗೆಯದೆ ವಾರವಿಡೀ ದಿನದಿನಕ್ಕೆ ಹೆಚ್ಚು ಹೊತ್ತು ತೆರೆದಿಟ್ಟು ಅಭ್ಯಾಸ ಮಾಡಿಸಿ. ಕಡ್ಡಿ ಬುಡದಿಂದ ಕಪ್ಪಾಗಿ ಮೇಲೇರಿದರೆ ಮಿಶ್ರಣ ಅತಿ ಒದ್ದೆಯಾಗಿದೆ. ಎಲೆ ಒಂದೆರಡು ದಿನದಲ್ಲೇ ಮುದುಡಿದರೆ ಚೀಲದೊಳಗೆ ತೇವ ಸಾಲದು.

ದಪ್ಪ ರೆಂಬೆಗೆ ಗೂಟಿ ಕಟ್ಟುವುದೂ ಸಫಲ: ಎರಡೂವರೆ ಸೆಂ.ಮೀ. ಅಗಲ ಉಂಗುರದಂತೆ ತೊಗಟೆ ಸುಲಿದು, ಒಳಗಿನ ಜಾರುವ ಪದರವನ್ನು ಕೆರೆದು ತೆಗೆದು, ಒದ್ದೆ ಪಾಚಿ ಸುತ್ತಿ ಪ್ಲಾಸ್ಟಿಕ್ ಬಿಗಿಯಿರಿ. ಆ ಪದರ ಉಳಿದರೆ ಗಾಯ ಕೂಡಿಕೊಂಡು ಬೇರೇ ಬರುವುದಿಲ್ಲ. ಬೀಜದಿಂದಲೂ ಬೆಳೆಸಬಹುದು, ಆದರೆ ತಾಯಿಗಿಡದ ಗುಣ ಬರುವ ಭರವಸೆಯಿಲ್ಲ, ಹೂವಿಗೆ ಎರಡು ಮೂರು ವರ್ಷ ಕಾಯಬೇಕು.

ಹುಳು, ರೋಗ

ಎಲೆ ಮೇಲೆ ಮಸಿ ಬಳಿದಂತಾದರೆ ಮಸಿಯನ್ನು ಒರೆಸುವುದಷ್ಟೇ ಪರಿಹಾರವಲ್ಲ. ಬಿಳಿ ನೊಣ, ಗಿಡಹೇನು, ಶಲ್ಕ ಕೀಟ ಅಥವಾ ಹಿಟ್ಟು ತಿಗಣೆ ಸುರಿಸುವ ಅಂಟು ರಸದ ಮೇಲೆ ಬೆಳೆಯುವ ಶಿಲೀಂಧ್ರ ಅದು. ಕೀಟ ಹೋದರೆ ಮಸಿಯೂ ಹೋಗುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ಬೆರೆಯಲು 2 ಮಿ.ಲೀ. ದ್ರವ ಸೋಪು. ಸಂಜೆ, ಎಲೆಯ ಹಿಂಬದಿ ತೋಯುವಂತೆ, ವಾರಕ್ಕೊಮ್ಮೆ ಮೂರು ಸಲ. ಮೊಟ್ಟೆಗಳೆಲ್ಲ ಇದರಿಂದ ಸಾಯುವುದಿಲ್ಲ, ಒಡೆದು ಬರುವ ಮರಿಗಳಿಗಾಗಿಯೇ ಮತ್ತೆ ಮತ್ತೆ ಹೊಡೆಯಬೇಕು. ಬಿಸಿಲಿನಲ್ಲಿ ಅಥವಾ ಬಾಯಾರಿದ ಗಿಡಕ್ಕೆ ಹೊಡೆದರೆ ಎಲೆ ಸುಡುತ್ತದೆ.

ರಾತ್ರೋರಾತ್ರಿ ರೆಂಬೆ ಬೋಳಾಗಿ, ಕೆಳಗೆ ಕಪ್ಪು ಹಿಕ್ಕೆ ಬಿದ್ದಿದ್ದರೆ ಬಾಲದಲ್ಲಿ ಕೊಂಬಿರುವ ದಪ್ಪ ಹಸಿರು ಹುಳವನ್ನು ಹುಡುಕಿ. ಪಾರದರ್ಶಕ ರೆಕ್ಕೆಯ, ಹಗಲಲ್ಲಿ ಹಾರುವ ಸೆಫೊನೋಡಿಸ್ ಹೈಲಾಸ್ ಎಂಬ ಪತಂಗದ ಮರಿ ಅದು. ಕಾಫಿ ಗಿಡವನ್ನೂ ತಿನ್ನುತ್ತದೆ. ಎಲೆಯ ಬಣ್ಣಕ್ಕೇ ಹೊಂದಿರುವುದರಿಂದ ಹಿಕ್ಕೆಯ ನೇರ ಮೇಲಿನ ರೆಂಬೆಯಲ್ಲಿ ನೋಡಿದರೆ ಬೇಗ ಸಿಗುತ್ತದೆ. ಒಂದೆರಡಿದ್ದರೆ ಕೈಯಲ್ಲಿ ತೆಗೆದರೆ ಮುಗಿಯಿತು, ಔಷಧ ಬೇಡ.

ಕಾಂಡದ ಹುಣ್ಣು ಗಾಯದ ಮೂಲಕ ಒಳಹೋಗುವ ಶಿಲೀಂಧ್ರ ರೋಗ. ಬುಡ ಊದಿ, ತೊಗಟೆ ಬಿರಿದು, ಮೇಲಿನ ರೆಂಬೆಗಳು ಒಂದೊಂದಾಗಿ ಬಾಡುತ್ತವೆ. ಗಿಡವನ್ನು ಕಿತ್ತು ಸುಡುವುದೇ ದಾರಿ. ಆ ಗಿಡಕ್ಕೆ ಬಳಸಿದ ಕತ್ತರಿಯನ್ನು ಸ್ಪಿರಿಟಿನಿಂದ ಒರೆಸದೆ ಇನ್ನೊಂದಕ್ಕೆ ಮುಟ್ಟಿಸಬೇಡಿ, ಮತ್ತು ಅದರಿಂದ ಎಂದೂ ಕಡ್ಡಿ ತೆಗೆಯಬೇಡಿ.

ನಾಯಿ, ಬೆಕ್ಕು ಎಲೆ ಅಥವಾ ಕಾಯಿ ಅಗಿದರೆ ವಾಂತಿ, ಭೇದಿ ಆಗಬಹುದು. ಅಂಥ ಮನೆಯಲ್ಲಿ ಕುಂಡ ಎತ್ತರದಲ್ಲಿರಲಿ.

ಹೂ ಕೀಳುವಾಗ ಎಸಳು ಮುಟ್ಟಬೇಡಿ. ಬೆರಳು ತಾಗಿದ ಜಾಗ ಸ್ವಲ್ಪ ಹೊತ್ತಿಗೇ ಕಂದುಗಟ್ಟುತ್ತದೆ. ಮುಂಜಾನೆ, ಆಗತಾನೇ ಬಿರಿದ ಹೂವನ್ನು ಕೆಳಗಿನ ಎಲೆಜೋಡಿಯ ಸಮೇತ ಕತ್ತರಿಸಿ, ತೊಟ್ಟು ಹಿಡಿದೇ ನೀರಿಗೆ ಇಡಿ. ಎರಡು ಮೂರು ದಿನ ಬಾಳುತ್ತದೆ.